ತೊಟ್ಟಿ ಕಪ್ಪಾದ ವಾರ

ಬುಧವಾರ ಬೆಳಿಗ್ಗೆ ನಿಲೋಫರ್ ಎಂದಿನಂತೆ ಗಾಳಿತೊಟ್ಟಿಯಿಂದ ಒಂದು ಲೀಟರ್ ನೀರು ಮೊಗೆದು, ಅಳತೆಯ ಗಾಜಿನ ಜಾಡಿಗೆ ತುಂಬಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅರ್ಧ ಗಂಟೆ ಬಿಟ್ಟು ನೋಡಬೇಕಾದ ಜಾಡಿ ಅದು. ಅವಳು ಐದು ನಿಮಿಷಕ್ಕೇ ಎದ್ದು ಬಂದಳು. ಮತ್ತೆ ಹತ್ತು ನಿಮಿಷಕ್ಕೆ ಬಂದಳು. ನಿನ್ನೆಯವರೆಗೆ ಕಂದು ರಾಡಿಯೆಲ್ಲ ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತಿತ್ತು. ಇವತ್ತು ಏನೂ ಕೂರಲಿಲ್ಲ. ಬುಡದಿಂದ ಬಾಯಿಯವರೆಗೆ ಒಂದೇ ಬಣ್ಣ, ನೀರು ಬೆರೆಸಿದ ಶಾಯಿಯ ಬಣ್ಣ.

ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಅಲ್ಲಿ ದಿನವೂ ಅವಳಿಗೆ ಕಾಣುತ್ತಿದ್ದುದು ಸಂತೆ. ತೊಟ್ಟಿನ ತುದಿಯಲ್ಲಿ ಗಂಟೆ ಹೂವಿನಂತೆ ಬಾಯಿ ತೆರೆದು ಮುಚ್ಚುವ ಜೀವಿಗಳು, ಅವುಗಳ ನಡುವೆ ಸರಬರ ಓಡಾಡುವ ಇನ್ನೂ ಸಣ್ಣವು. ಈಗ ಒಂದೂ ಅಲುಗಲಿಲ್ಲ.

ಶಿರಸಿಯ ಕೆಳಭಾಗದಲ್ಲಿ, ಊರಿನ ಒಳಚರಂಡಿಯೆಲ್ಲ ಬಂದು ಸೇರುವಲ್ಲಿ ಈ ಶುದ್ಧೀಕರಣ ಘಟಕ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಎರಡು ದೊಡ್ಡ ತೊಟ್ಟಿ, ತಳದಿಂದ ಗಾಳಿ ಊದುವ ಬ್ಲೋವರ್‌ಗಳು, ಆ ಗಾಳಿ ಉಸಿರಾಡಿಕೊಂಡು ಊರಿನ ಕೊಳೆಯನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಿಗಳು. ಕೆಲಸದವರು ಅದಕ್ಕೆ ಕಲ್ಚರ್ ಅನ್ನುತ್ತಿದ್ದರು. ಹುಬ್ಬಳ್ಳಿಯಿಂದ ಟ್ಯಾಂಕರಿನಲ್ಲಿ ಬೀಜದ ರಾಡಿ ತಂದು, ಸಗಣಿ ಬೆಲ್ಲ ಕಲಸಿ ಹಾಕಿ, ಶಿಶುವನ್ನು ನೋಡಿಕೊಂಡ ಹಾಗೆ ನೋಡಿಕೊಂಡು ಅದನ್ನು ಬೆಳೆಸಿದವಳು ನಿಲೋಫರ್. ಇಪ್ಪತ್ತೆಂಟು ವರ್ಷ, ರಸಾಯನಶಾಸ್ತ್ರದಲ್ಲಿ ಎಂಎಸ್ಸಿ, ಘಟಕ ನಡೆಸುವ ಗುತ್ತಿಗೆ ಕಂಪನಿಯ ಏಕೈಕ ಕೆಮಿಸ್ಟ್. ಬರುವ ಸೋಮವಾರ ಮಾಲಿನ್ಯ ಮಂಡಳಿಯವರು ನೀರಿನ ಮಾದರಿ ಒಯ್ಯಲು ಬರುವವರಿದ್ದರು. ನೀರು ಪಾಸಾದರೆ ಕಂಪನಿಯ ಕೆಲಸ ಕಾಯಂ. ಇಲ್ಲದಿದ್ದರೆ ಒಂಬತ್ತು ಜನ ಮನೆಗೆ.

ಅವಳು ಹೊರಗೋಡಿ ಬಂದಾಗ ಪಂಪ್ ಆಪರೇಟರ್ ಕೆರಿಯಪ್ಪ ಆಗಲೇ ಎರಡನೇ ತೊಟ್ಟಿಯ ಗೇಟಿನ ಚಕ್ರ ತಿರುಗಿಸುತ್ತಿದ್ದ. ದಾಸನಕೊಪ್ಪದ ಕಡೆಯವನು, ಐವತ್ತು ದಾಟಿದವನು, ಮಾತು ಕಡಿಮೆ.

"ಒಂದನೇದು ಹೋತ್ರೀ ಮೇಡಂ," ಅಂದ ಅವನು ಉಸಿರು ಬಿಡುತ್ತ. "ಎರಡನೇದಕ್ಕ ಬರೋ ನೀರು ಬಂದ್ ಮಾಡೇನಿ. ಅದರಾಗ ಇನ್ನೂ ಜೀವ ಐತಿ ಅನಸ್ತೈತಿ, ನೋಡ್ರಿ."

ನೋಡಿದಳು. ಇತ್ತು. ಮಂದವಾಗಿ, ಆದರೆ ಇತ್ತು. ಅವಳಿಗೆ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

"ಕೆರಿಯಪ್ಪಣ್ಣ, ಇದು ಎಂಥ ವಾಸನೆ?"

ಅವನು ಬಗ್ಗಿ ಮೂಸಿದ. "ಅಡಿಕಿ ಬೇಯಿಸಿದ ವಾಸನಿ ಅಲ್ಲೇನ್ರಿ? ಎರಡು ವಾರದಿಂದ ಬರಾಕತ್ತೈತಿ. ಸೀಸನ್ನು, ಊರ ತುಂಬ ಇದ ವಾಸನಿ ಅಂತ ಸುಮ್ನಿದ್ದೆ."

ಡಿಸೆಂಬರ್ ತಿಂಗಳು. ಎಲ್ಲೆಲ್ಲೂ ಕೆಂಪಡಿಕೆ ಬೇಯುವ ಕಾಲ. ಬೇಯಿಸಿದ ಹಂಡೆಯಲ್ಲಿ ಉಳಿಯುವ ಕಡುಗೆಂಪು ನೀರೇ ಚೊಗರು, ನಾಲಿಗೆಗೆ ತಾಗಿದರೆ ಬಾಯೆಲ್ಲ ಬಿಗಿದುಕೊಳ್ಳುತ್ತದೆ. ಕಬ್ಬಿಣ ಸೋಕಿದರೆ ಕಪ್ಪಾಗುತ್ತದೆ. ನಿಲೋಫರ್ ತಲೆ ಚುರುಕಾಯಿತು. ಚೊಗರು ದೊಡ್ಡ ಪ್ರಮಾಣದಲ್ಲಿ ತೊಟ್ಟಿಗೆ ಬಂದರೆ ಕಲ್ಚರ್ ಉಳಿಯುವುದಿಲ್ಲ. ಯಾರೋ ಒಳಚರಂಡಿಗೆ ಸುರಿಯುತ್ತಿದ್ದಾರೆ. ಯಾವನೋ ಅಡಿಕೆ ವ್ಯಾಪಾರಿ, ಯಾವುದೋ ಗೋದಾಮಿನ ಹಿಂದೆ.

ಸೈಟ್ ಎಂಜಿನಿಯರ್ ಮನೋಹರ ಬಂದವನು ಜಾಡಿ ನೋಡಿ ಕುರ್ಚಿಯಲ್ಲಿ ಕುಸಿದ. ಸಿದ್ದಾಪುರದವನು, ಕೆಟ್ಟವನಲ್ಲ, ಆದರೆ ಮೇಲಿನಿಂದ ಫೋನ್ ಬಂದರೆ ಬೆವರುವವನು.

"ಮೇಡಂ, ಶನಿವಾರ ಸಂಜೆಯೊಳಗೆ ಹೆಡ್ ಆಫೀಸಿಗೆ ರಿಪೋರ್ಟ್ ಹೋಗ್ಬೇಕು. ಎಂತಕ್ಕೆ ಆಯ್ತು ಅಂತ ಕಾರಣ ಬರೀಬೇಕು. ಕಾರಣ ಬೇಕು ನಂಗೆ."

"ಕೊಡ್ತೇನೆ ಸರ್."

ಅಂದೇ ಮಧ್ಯಾಹ್ನ ಹುಡುಕಾಟ ಶುರುವಾಯಿತು. ಕೆರಿಯಪ್ಪನಿಗೆ ಊರಿನ ಚೇಂಬರ್‌ಗಳೆಲ್ಲ ಬಾಯಿಪಾಠ. ಅವನು ಕೊಕ್ಕೆ ಹಾಕಿ ಮುಚ್ಚಳ ಎತ್ತುವುದು, ಹಗ್ಗಕ್ಕೆ ಕಟ್ಟಿದ ಡಬ್ಬಿಯಿಂದ ಅವಳು ನೀರು ಸೇದುವುದು. ಸೀಸೆಗೆ ಮೊದಲು ಎರಡು ಹನಿ ಆಮ್ಲ, ಯಾಕೆಂದರೆ ಹಳಸಿದ ಕೊಳಚೆಯೂ ಕಬ್ಬಿಣಕ್ಕೆ ಕಪ್ಪಾಗಿ ಮೋಸ ಮಾಡುತ್ತದೆ. ಆಮೇಲೆ ಲ್ಯಾಬಿನಿಂದ ತಂದ ಕಬ್ಬಿಣದ ಲವಣ, ಅನ್ನಭೇದಿಯಂಥದೇ. ಕುಲುಕಿ ಐದು ನಿಮಿಷ ಕಾಯಬೇಕು. ಬೂದುಬಣ್ಣ ಉಳಿದರೆ ಬರಿಯ ಕೊಳಚೆ. ನೀಲಿಗಪ್ಪಾದರೆ ಚೊಗರು.

ಆ ಐದು ನಿಮಿಷ ನಿಲೋಫರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮುಚ್ಚಳದ ಸುತ್ತ ತಿರುಗುತ್ತಿದ್ದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಸ್ಕೂಟರಿನವರು ನಿಂತು "ಎಂತ, ಲೈನ್ ಕಟ್ಟಿದ್ಯಾ?" ಎಂದು ಕೇಳಿದರೆ ಉತ್ತರ ಕೊಡುವುದು ಕೆರಿಯಪ್ಪನ ಪಾಲಿಗಿತ್ತು. ಮಾರುಕಟ್ಟೆಯ ಹಿಂದಿನ ಸಾಲು ಬೂದು. ಬಸ್ ನಿಲ್ದಾಣದ ಸಾಲು ಬೂದು. ಅವಳು ಗಟ್ಟಿಯಾಗಿ ನಂಬಿದ್ದ ಅಡಿಕೆ ಗೋದಾಮುಗಳ ಬೀದಿಯೂ ಬೂದು. ಮತ್ತೊಮ್ಮೆ ಸೇದಿದಳು, ಮತ್ತೆ ಬೂದು. ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಒಬ್ಬ ವ್ಯಾಪಾರಿಯನ್ನು ಅವಳು ಮನಸ್ಸಿನಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದಳು, ಅವನು ಅಲ್ಲಿರಲಿಲ್ಲ.

ಗುರುವಾರ ಬೆಳಿಗ್ಗೆ ಘಟಕದ ಗೇಟಿನಲ್ಲಿ ತಿಮ್ಮಿ ನಿಂತಿದ್ದಳು. ಘಟಕದ ನೀರು ಹೋಗಿ ಬೀಳುವ ಹಳ್ಳದ ದಡದಲ್ಲಿ ಹರಿವೆ, ಬಸಳೆ ಬೆಳೆದು ಪೇಟೆಗೆ ತರುವವಳು. ಕೈಯಲ್ಲಿ ಒಂದು ಕೊಡ, ಅದರಲ್ಲಿ ಕರಿನೀರು.

"ಅಮಾ, ಇದ್ನೇ ಗಿಡಕ್ಕೆ ಹಾಕೂದಾ?" ಅಂದಳು. ಜಗಳವಿಲ್ಲ, ಬರಿಯ ಪ್ರಶ್ನೆ. "ಮೊನ್ನೆವರಿಗೆ ಚಲೋ ಬತ್ತಿತ್ತು ನೀರು. ನಾನೇ ಎಲ್ರಿಗೂ ಹೇಳ್ದೆ, ಈಗ ಹಳ್ಳ ಚೊಕ್ಕ ಆತು ಅಂತ."

"ನಾಲ್ಕು ದಿನ ಹಾಕ್ಬೇಡಿ," ಅಂದಳು ನಿಲೋಫರ್. "ಸರಿ ಮಾಡ್ತೇವೆ."

"ನಾಲ್ಕು ದಿನ ನೀರಿಲ್ದೆ ಹರಿವೆ ಬದುಕ್ತದಾ?" ಎಂದು ತಿಮ್ಮಿ ಕೊಡದ ನೀರನ್ನು ಗೇಟಿನ ಬುಡದಲ್ಲೇ ಚೆಲ್ಲಿ ಹೋದಳು.

ಅಂದು ಸಂಜೆ ಐದರ ಹೊತ್ತಿಗೆ, ಊರಿನ ಮೇಲ್ಭಾಗದಲ್ಲಿ ಹದಿನೈದು ದಿನದ ಹಿಂದಷ್ಟೇ ಒಳಚರಂಡಿಗೆ ಸಂಪರ್ಕ ಕೊಟ್ಟಿದ್ದ ಹೊಸ ಸಾಲಿನಲ್ಲಿ ಸೀಸೆ ಮೆಲ್ಲಗೆ ನೀಲಿಗಟ್ಟಿತು. ತೀರ ತೆಳುವಾಗಿ, ಹಳೆಯ ಕಲೆಯ ಹಾಗೆ. ಕೆರಿಯಪ್ಪ ಆ ಬೀದಿಯ ಮೇಲೂ ಕೆಳಗೂ ನೋಡಿದ.

"ದಿನಾ ಬಿಡೂದಿಲ್ಲ ಇವ್ರು. ಮಂಗಳವಾರ ಬಿಟ್ಟಿರ್ಬೇಕು. ಮತ್ತ ಬಿಡತಾರ. ನಾಳೆ ಮುಂಜಾನೆ ಇಲ್ಲೇ ನಿಂದ್ರೂಣು ಬರ್ರಿ."

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಇಬ್ಬರೂ ಮುಚ್ಚಳ ತೆರೆದು ನಿಂತರು. ಹತ್ತಾಯಿತು. ಹತ್ತೂವರೆ ದಾಟುತ್ತಿದ್ದಂತೆ ಚೇಂಬರಿನೊಳಗಿಂದ ಹಬೆ ಎದ್ದಿತು. ಅದರ ಹಿಂದೆಯೇ ಕೆಂಪುಗಂದು ನೀರು ದಪ್ಪವಾಗಿ, ಬಿಸಿಯಾಗಿ ಬಂತು. ಸೀಸೆಯ ಅಗತ್ಯವೇ ಇರಲಿಲ್ಲ. ನಿಲೋಫರ್ ನೀರು ಬಂದ ದಿಕ್ಕಿಗೆ ಓಡುವವಳಂತೆ ನಡೆದಳು. ಮುಂದಿನ ಚೇಂಬರ್, ಅದರ ಮುಂದಿನದು, ಆಮೇಲೆ ಎಡಕ್ಕೆ ಒಂದು ಓಣಿ. ಓಣಿಗೆ ತಿರುಗಿದಾಗಲೇ ಅವಳ ಕಾಲು ತಡೆಯಿತು.

ಓಣಿಯ ಕೊನೆಯಲ್ಲಿದ್ದುದು ಬಣ್ಣದ ಮನೆ. ಹತ್ತಿಯ ನೂಲಿಗೆ ಚೊಗರು, ದಾಳಿಂಬೆ ಸಿಪ್ಪೆಗಳಿಂದ ನೈಸರ್ಗಿಕ ಬಣ್ಣ ಕಟ್ಟುವ ಘಟಕ. ನಡೆಸುವವರು ಶಿವರಂಜನಿ, ಅವಳಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಅಕ್ಕೋರು, ನಿವೃತ್ತರಾದ ಮೇಲೆ ಹದಿನೆಂಟು ಹೆಂಗಸರನ್ನು ಕೂಡಿಸಿಕೊಂಡು ಇದನ್ನು ಕಟ್ಟಿದವರು. ಅವಳ ತಂದೆ ಬದ್ರುದ್ದೀನ್ ತೀರಿಕೊಂಡು, ಅವರ ಲಾರಿಯೂ ಹೋಗಿ, ಮನೆ ನಿಂತುಹೋಗುವಂತಾದಾಗ ಅಮ್ಮಿಯನ್ನು ಕರೆದು ಕೆಲಸ ಕೊಟ್ಟವರು. ನಿಲೋಫರ್ ಎಂಎಸ್ಸಿ ಮುಗಿಸಿದ್ದು ಆ ಕೆಲಸದಿಂದ.

ಗೇಟಿನ ಸಂದಿಯಲ್ಲಿ ಹಿತ್ತಲು ಕಾಣುತ್ತಿತ್ತು. ಮೂರು ದೊಡ್ಡ ಕಡಾಯಿಗಳ ಪಕ್ಕದಲ್ಲಿ ಒಬ್ಬ ಹೆಂಗಸು ಸೆರಗನ್ನು ಸೊಂಟಕ್ಕೆ ಬಿಗಿದು, ಬಗ್ಗಿ, ಕೊಳವೆಯ ವಾಲ್ವ್ ಹಿಡಿದಿದ್ದಳು. ಮುಂಗೈವರೆಗೆ ಕೆಂಪು. ಅದು ಅಮ್ಮಿ. ಸಾಲೇಹಾ.

ದಿನವೂ ರೊಟ್ಟಿ ತಟ್ಟುವ ಆ ಕೈಗಳನ್ನು ಎದುರಿಗೆ ಕೂತು ನೋಡಿಯೂ ತನಗೆ ಹೊಳೆಯಲಿಲ್ಲವಲ್ಲ ಎಂದು ನಿಲೋಫರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಮುಂಚೆ ಹೆದರಿಕೆಯಾಯಿತು.

ಕೆರಿಯಪ್ಪ ಹಿಂದೆ ಬಂದು ನಿಂತಿದ್ದ. ಅವನೂ ಸಂದಿಯಲ್ಲಿ ಇಣುಕಿದ, ಸಾಲೇಹಾಳ ಗುರುತು ಸಿಕ್ಕಿತು. ಆಮೇಲೆ, "ನಾ ಘಟಕಕ್ಕ ಹೋಗಿ ಈ ನೀರೆಲ್ಲಾ ಸತ್ತ ತೊಟ್ಟಿಗೇ ತಿರುಗಿಸ್ತೇನಿ. ಎರಡನೇದಕ್ಕ ಒಂದು ಹನಿ ಬಿಡೂದಿಲ್ಲ," ಅಂದ. ಹೊರಡುವ ಮುನ್ನ, ಅವಳ ಕಡೆ ನೋಡದೆ, "ಹೇಳೂದು ಬಿಡೂದು ನಿಮಗ ಸೇರಿದ್ದು, ಮೇಡಂ," ಅಂದ.

ಮಧ್ಯಾಹ್ನ ಮನೋಹರ ಕೇಳಿದ. "ಸಿಕ್ತಾ?"

"ಇಲ್ಲ ಸರ್." ಮಾತು ಬಾಯಿಂದ ಜಾರಿದ್ದು ಅವಳಿಗೇ ಕೇಳಿಸಿತು. "ಇನ್ನೂ ಸಿಕ್ಕಿಲ್ಲ."

ಸಂಜೆ ಮನೆಯಲ್ಲಿ ಅವಳು ಅಡುಗೆಮನೆಗೂ ಜಗುಲಿಗೂ ನಡುವೆ ಎಷ್ಟು ಬಾರಿ ಓಡಾಡಿದಳೋ. ತಾಯಿ ಮಗಳು ಮನೆಯಲ್ಲಿ ಆಡುವುದು ಉರ್ದು. ಅಮ್ಮಿ ಅಂದು ಖುಷಿಯಲ್ಲಿದ್ದಳು. ಡೆಲ್ಲಿಯ ಯಾವುದೋ ಅಂಗಡಿಯಿಂದ ಇಷ್ಟು ವರ್ಷದಲ್ಲೇ ದೊಡ್ಡ ಆರ್ಡರ್ ಬಂದಿದೆ, ಒಂದು ಕಡಾಯಿ ಇದ್ದದ್ದು ಈ ವಾರದಿಂದ ಮೂರಾಗಿದೆ ಎಂದು ಹೇಳುತ್ತಲೇ ತಟ್ಟೆ ಹಾಕಿದಳು. ನಿಲೋಫರ್ ತುತ್ತು ಮುರಿದು ಕೈಯಲ್ಲೇ ಹಿಡಿದಳು.

"ಅಮ್ಮಿ, ಬಣ್ಣ ಕಟ್ಟಿದ ಮೇಲೆ ಉಳಿಯೋ ನೀರನ್ನ ಏನು ಮಾಡ್ತೀರಿ?"

"ಗಟಾರಕ್ಕೆ. ಮೊದಲು ಹಿತ್ತಲ ಗುಂಡಿಗೆ ಬಿಡ್ತಿದ್ವಿ. ಪಕ್ಕದವರ ಬಾವಿ ಕೆಂಪಾಯ್ತು ಅಂತ ಗಲಾಟೆ ಮಾಡಿದ್ರು. ಈಗ ಪೈಪ್ ಬಂದಿದೆಯಲ್ಲ, ಮಂಗಳವಾರ ಶುಕ್ರವಾರ ನಾನೇ ಬಿಡೋದು. ಯಾಕೆ?"

ನಿಲೋಫರ್ ಹೇಳಿದಳು. ಜಾಡಿಯಿಂದ ಶುರು ಮಾಡಿ, ತಿಮ್ಮಿಯ ಕೊಡದವರೆಗೆ. ಹೇಳುತ್ತ ಹೋದಂತೆ ಅಮ್ಮಿಯ ಮುಖದಲ್ಲಿದ್ದ ಖುಷಿ ಇಳಿದು ಅಲ್ಲಿ ಬೇರೇನೋ ಬಂತು.

"ಕೊಳಚೆ ನೀರಿಗೆ ಅಂತಲೇ ಮಾಡಿದ್ದಲ್ವಾ ಆ ಪೈಪ್? ಊರವರ ಹೊಲಸೆಲ್ಲ ಹೋಗುತ್ತೆ, ಅಡಿಕೆ ನೀರು ಹೋಗಬಾರದಾ?"

"ಹೊಲಸು ಅವುಗಳ ಊಟ ಅಮ್ಮಿ. ಚೊಗರು ಅವುಗಳಿಗೆ ವಿಷ."

"ಅವುಗಳಿಗೆ!" ಸಾಲೇಹಾ ಎದ್ದೇಬಿಟ್ಟಳು. "ನಿನ್ನ ತೊಟ್ಟಿಯ ಹುಳಕ್ಕೋಸ್ಕರ ಹದಿನೆಂಟು ಹೆಂಗಸರು ಕೆಲಸ ಬಿಟ್ಟು ಕೂರಬೇಕಾ? ಆ ಅಕ್ಕೋರು ನಮಗೆ ಏನು ಅಂತ ಮರೆತುಬಿಟ್ಯಾ?"

ನಿಲೋಫರ್ ಮರೆತಿರಲಿಲ್ಲ. ಮರೆತಿದ್ದರೆ ಊಟ ಸೇರುತ್ತಿತ್ತು.

ಶನಿವಾರ ಬೆಳಿಗ್ಗೆ ಅವಳು ಬಣ್ಣದ ಮನೆಗೆ ಹೋದಳು. ಶಿವರಂಜನಿ ಅಂಗಳದಲ್ಲಿ ನೂಲಿನ ಲಡಿಗಳನ್ನು ಎಣಿಸುತ್ತಿದ್ದರು. ಎತ್ತರದ, ನೆಟ್ಟಗಿನ ಹೆಂಗಸು, ಕನ್ನಡಕ ಮೂಗಿನ ತುದಿಗೆ. ಎಲ್ಲ ಕೇಳಿಸಿಕೊಂಡು ನಕ್ಕರು.

"ಎಂತಾ ಹೇಳ್ತಾ ಇದ್ದೀಯೇ ನಿಲೋಫರ್? ನಮ್ದು ಪೂರ್ತಿ ನೈಸರ್ಗಿಕ. ಒಂದು ಹನಿ ಕೆಮಿಕಲ್ ಇಲ್ಲ. ಅದನ್ನೇ ನೋಡಿ ಜನ ತಗೊಳ್ತಾರೆ."

"ನೈಸರ್ಗಿಕ ಹೌದು ಅಕ್ಕೋರೆ. ಆದ್ರೂ ಸಾಯಿಸ್ತದೆ."

ನಗು ನಿಂತಿತು. "ಹಾಗಾದ್ರೆ ತೋರ್ಸು. ಪ್ರಯೋಗ ಮಾಡದೆ ತೀರ್ಮಾನ ಹೇಳೋದನ್ನ ನಾನು ಕಲಿಸಿದ ನೆನಪಿಲ್ಲ ನಂಗೆ."

ನಿಲೋಫರ್ ಅಲ್ಲಿಂದಲೇ ಕೆರಿಯಪ್ಪನಿಗೆ ಫೋನ್ ಮಾಡಿದಳು. ಮುಕ್ಕಾಲು ಗಂಟೆಯಲ್ಲಿ ಅವನು ಬೈಕಿನ ಹಿಂದಿನ ಸೀಟಿಗೆ ಸೂಕ್ಷ್ಮದರ್ಶಕದ ಪೆಟ್ಟಿಗೆ ಕಟ್ಟಿಕೊಂಡು, ಎರಡನೇ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದ. ಜಗುಲಿಯ ಮೇಲೆ ಮೇಜು ಹಾಕಿದರು. ಎರಡು ಗಾಜಿನ ಲೋಟ, ಎರಡರಲ್ಲೂ ತೊಟ್ಟಿಯ ನೀರು. ಒಂದಕ್ಕೆ ಬರಿನೀರು, ಇನ್ನೊಂದಕ್ಕೆ ಅಷ್ಟೇ ಅಳತೆಯ ಚೊಗರು, ಶಿವರಂಜನಿಯೇ ಕಡಾಯಿಯಿಂದ ಮೊಗೆದು ತಂದದ್ದು. ಹೆಂಗಸರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಸಾಲೇಹಾ ಮಾತ್ರ ಕಂಬಕ್ಕೆ ಆತುಕೊಂಡು ದೂರವೇ ಉಳಿದಳು.

ಅರ್ಧ ಗಂಟೆ ಕಳೆದು ಶಿವರಂಜನಿ ಕನ್ನಡಕ ತೆಗೆದು ಮೊದಲ ಹನಿಯನ್ನು ನೋಡಿದರು. ಅವರ ತುಟಿಗಳು ತಾವಾಗಿ ಅರಳಿದವು. ಎಷ್ಟೋ ವರ್ಷದ ನಂತರ ಕಣ್ಣಿಟ್ಟವರ ಖುಷಿ ಅದು. "ಆಹಾ, ಬಾಯಿ ತೆರೀತಾ ಇದೆ ನೋಡು," ಅಂದರು. ನಿಲೋಫರ್ ಗಾಜಿನ ಪಟ್ಟಿ ಬದಲಿಸಿದಳು. ಶಿವರಂಜನಿ ಎರಡನೆಯದನ್ನು ನೋಡಿದರು. ಮತ್ತೆ ತಿರುಪು ತಿರುಗಿಸಿ ನೋಡಿದರು. ಪಟ್ಟಿಯನ್ನು ಅತ್ತಿತ್ತ ಸರಿಸಿ ಇನ್ನೆಲ್ಲಾದರೂ ಒಂದು ಅಲುಗುತ್ತದೆಯೋ ಎಂದು ಹುಡುಕಿದರು. ತಲೆ ಎತ್ತಿದಾಗ ಅವರು ಯಾರನ್ನೂ ನೋಡುತ್ತಿರಲಿಲ್ಲ.

"ಆನು ಯೋಚನೆನೇ ಮಾಡಿದ್ನಿಲ್ಲೆ," ಎಂದು ತಮ್ಮ ಮನೆಮಾತಿನಲ್ಲಿ ತಮಗೇ ಹೇಳಿಕೊಂಡರು.

ಆಮೇಲೆ ಬೇಗ ಬೇಗ ಮಾತಾಯಿತು. ಕೊಳವೆಗೆ ಅವತ್ತೇ ಬಿರಟೆ. ಕಡಾಯಿಯಲ್ಲಿದ್ದ ನೀರು ಖಾಲಿ ಡ್ರಮ್ಮುಗಳಿಗೆ. ಮುಂದೆ ಸಿಮೆಂಟಿನ ತೊಟ್ಟಿ ಕಟ್ಟಿ, ಸುಣ್ಣ ಹಾಕಿ ಚೊಗರನ್ನು ತಳಕ್ಕೆ ಕೂರಿಸಿ, ಮೇಲಿನ ನೀರನ್ನು ಮಾತ್ರ ಬಿಡಬೇಕು ಎಂದು ನಿಲೋಫರ್ ವಿವರಿಸಿದಳು. ಶಿವರಂಜನಿ ಒಪ್ಪಿದರು. ಗೇಟಿನವರೆಗೆ ಬಂದು, ಅವಳ ತೋಳು ಹಿಡಿದು, ದನಿ ತಗ್ಗಿಸಿ ಕೇಳಿದರು. "ನಿಲ್ಲಿಸಿ ಆಯ್ತಲ್ಲ. ನಿನ್ನ ರಿಪೋರ್ಟಿನಲ್ಲಿ ನಮ್ಮ ಹೆಸರು ಎಂತಕ್ಕೆ, ಅಲ್ವಾ? ಹೊರಗೆ ಗೊತ್ತಾದ್ರೆ ಈ ಆರ್ಡರ್ ಹೋಗ್ತದೆ ನಿಲೋಫರ್. ಬರೀ ಆರ್ಡರ್ ಅಲ್ಲ, ಹೆಸರೇ ಹೋಗ್ತದೆ."

ನಿಲೋಫರ್ ಮೆಲ್ಲಗೆ ತೋಳು ಬಿಡಿಸಿಕೊಂಡಳು. ಆದರೆ ಘಟಕಕ್ಕೆ ಹಿಂತಿರುಗುವ ದಾರಿಯಲ್ಲಿ ಅವಳು ಮನಸ್ಸಿನಲ್ಲಿ ವಾಕ್ಯಗಳನ್ನು ಹೊಸೆಯತೊಡಗಿದ್ದಳು. ಮೂಲ ಪತ್ತೆಯಾಗಿಲ್ಲ. ಸದ್ಯ ನಿಂತಿದೆ. ಪರಿಶೀಲನೆ ಮುಂದುವರಿದಿದೆ. ಯಾರಿಗೂ ಕೇಡಿಲ್ಲದ ವಾಕ್ಯಗಳು ಎಂದುಕೊಂಡಳು.

ನಾಲ್ಕು ಗಂಟೆಗೆ ಮನೋಹರ ಕರೆದು ಕಂಪ್ಯೂಟರಿನ ಪರದೆ ತೋರಿಸಿದ. "ನೀವು ಸಹಿ ಮಾಡಿದ್ರೆ ಕಳಿಸ್ತೇನೆ."

ಅವಳು ಓದಿದಳು. ಮಂಗಳವಾರ ರಾತ್ರಿ ಕರೆಂಟ್ ಹೋದಾಗ ಜನರೇಟರ್ ಶುರು ಮಾಡಲು ಒಂದೂವರೆ ಗಂಟೆ ತಡವಾಯಿತು, ಆ ಹೊತ್ತಿನಲ್ಲಿ ಗಾಳಿ ಇಲ್ಲದೆ ಕಲ್ಚರ್ ಸತ್ತಿತು, ಪಾಳಿಯಲ್ಲಿದ್ದ ಆಪರೇಟರ್ ಕೆರಿಯಪ್ಪನ ನಿರ್ಲಕ್ಷ್ಯವೇ ಕಾರಣ, ಅವನನ್ನು ಕೆಲಸದಿಂದ ತೆಗೆಯಲಾಗುವುದು.

"ಸರ್, ಒಂದೂವರೆ ಗಂಟೆಗೆ ಕಲ್ಚರ್ ಸಾಯೋದಿಲ್ಲ. ನಿಮಗೂ ಗೊತ್ತು."

"ಗೊತ್ತು. ಆದ್ರೆ ನೀವು ಕಾರಣ ಸಿಗಲಿಲ್ಲ ಅಂದ್ರಿ. ಖಾಲಿ ಬಿಟ್ರೆ ಒಂಬತ್ತೂ ಜನರ ಕೆಲಸ ಹೋಗ್ತದೆ. ಹೀಗೆ ಬರೆದ್ರೆ ಒಬ್ಬನದು. ಅವನನ್ನ ಕೇಳಿದೆ. ಆಯ್ತು ಅಂದ."

ನಿಲೋಫರ್ ಹೊರಗೆ ಓಡಿದಳು. ಕೆರಿಯಪ್ಪ ಪಂಪ್ ಮನೆಯ ಕಟ್ಟೆಯ ಮೇಲೆ ಕೂತು ಕೊಕ್ಕೆಯ ತುಕ್ಕು ಉಜ್ಜುತ್ತಿದ್ದ.

"ಆಯ್ತು ಅಂತ ಯಾಕೆ ಅಂದ್ರಿ ಕೆರಿಯಪ್ಪಣ್ಣ?"

"ಮತ್ತೇನನ್ಲಿ? ಅಲ್ಲಿ ಕೆಲ್ಸ ಮಾಡೂದು ನಿಮ್ಮ ತಾಯಿ." ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಂಗ ಎಲ್ಲರ ಒಂದು ಪಂಪು ಸಿಗತೈತಿ ಬಿಡ್ರಿ. ಹೆಣ್ಮಕ್ಕಳ ಹೊಟ್ಟಿ ಮ್ಯಾಲ ಕಲ್ಲು ಹಾಕೂದು ಬ್ಯಾಡ."

ಎರಡನೇ ತೊಟ್ಟಿಯನ್ನು ಉಳಿಸಿದ್ದು ಇವನು. ಮೂರು ದಿನ ಅವಳ ಜೊತೆ ಬೀದಿ ಬೀದಿ ಅಲೆದದ್ದು ಇವನು. ಇವನ ಹೆಸರನ್ನು ಆ ಪರದೆಯ ಮೇಲೆ ಕೂರಿಸಿದ್ದು ಮನೋಹರನಲ್ಲ, ನಿನ್ನೆ ಮಧ್ಯಾಹ್ನ ತಾನಾಡಿದ ಎರಡು ಮಾತು ಎಂದು ನಿಲೋಫರಿಗೆ ಅರಿವಾಯಿತು. ನಾಲ್ಕು ದಿನದಿಂದ ಕಾಲಿನಲ್ಲಿ ತುಂಬಿಕೊಂಡಿದ್ದ ಚಡಪಡಿಕೆ ಆಗ ಒಮ್ಮೆಗೇ ನಿಂತಿತು. ಅವಳು ನಡೆದೇ ಒಳಗೆ ಹೋದಳು.

"ಸರ್, ಏಳಿ. ನಾನು ಬರೀತೇನೆ."

ಬಣ್ಣದ ಮನೆಯ ಹೆಸರು ಬರೆದಳು. ಗೊತ್ತಿಲ್ಲದೆ ಆದದ್ದು, ಈಗ ನಿಂತಿದೆ, ಸುಣ್ಣದ ತೊಟ್ಟಿಗೆ ಒಪ್ಪಿದ್ದಾರೆ ಎಂದೂ ಬರೆದಳು. ಕೊನೆಯಲ್ಲಿ, ಮೂಲ ಶುಕ್ರವಾರವೇ ತನಗೆ ತಿಳಿದಿತ್ತು, ತನ್ನ ತಾಯಿ ಅಲ್ಲಿ ಕೆಲಸ ಮಾಡುವ ಕಾರಣಕ್ಕೆ ಒಂದು ದಿನ ಮುಚ್ಚಿಟ್ಟೆ ಎಂದು ಸೇರಿಸಿದಳು. ಮನೋಹರ ಹಿಂದೆ ನಿಂತು ಓದಿ, "ಈ ಕಡೇ ಸಾಲು ಬೇಕಾಗಿರ್ಲಿಲ್ಲ," ಅಂದ.

"ಬೇಕು ಸರ್."

ಮನೆಗೆ ಹೋಗುವ ಮೊದಲು ಅವಳು ಬಣ್ಣದ ಮನೆಗೆ ಹೋಗಿ ಶಿವರಂಜನಿಗೆ ತಾನೇ ಹೇಳಿದಳು. ಅವರು ಕೂಗಾಡಲಿಲ್ಲ. "ಬರೆದು ಆಯ್ತಾ?" ಅಂದರು. "ಆಯ್ತು ಅಕ್ಕೋರೆ." ಅವರು ಲಡಿಗಳ ಕಡೆ ತಿರುಗಿಕೊಂಡರು. ಅವಳು ಓಣಿ ದಾಟುವವರೆಗೂ ತಿರುಗಿ ನೋಡಲಿಲ್ಲ.

ಸೋಮವಾರ ಮಂಡಳಿಯವರು ಬಂದು ಮಾದರಿ ಒಯ್ದರು. ಎರಡನೇ ತೊಟ್ಟಿಯ ನೀರು ಪಾಸಾಯಿತು. ಮೊದಲನೆಯದು ಆಗಲಿಲ್ಲ. ಕಾರಣ ಬರಹದಲ್ಲಿ ಇದ್ದುದರಿಂದ ಘಟಕಕ್ಕೆ ಮೂರು ತಿಂಗಳ ಕಾಲಾವಕಾಶ ಸಿಕ್ಕಿತು. ಕೆರಿಯಪ್ಪನ ಕೆಲಸ ಉಳಿಯಿತು. ನಿಲೋಫರಿಗೆ ಕಂಪನಿಯಿಂದ ಎಚ್ಚರಿಕೆಯ ಪತ್ರ ಬಂತು, ಇನ್ನೊಮ್ಮೆ ಹೀಗಾದರೆ ಎಂದು ಮುಗಿಯುವ ಪತ್ರ. ಬಣ್ಣದ ಮನೆಗೆ ನಗರಸಭೆಯ ನೋಟಿಸು ಹೋಗಿ, ಸುಣ್ಣದ ತೊಟ್ಟಿ ಆಗುವವರೆಗೆ ಕಡಾಯಿಗಳಿಗೆ ಬೆಂಕಿ ಹಾಕುವಂತಿಲ್ಲ ಎಂದಾಯಿತು. ಡೆಲ್ಲಿಯವರು ಅರ್ಧ ಆರ್ಡರ್ ವಾಪಸ್ ತೆಗೆದುಕೊಂಡರು. ಐವರು ಹೆಂಗಸರು ಬೇರೆ ಕೆಲಸ ನೋಡಿಕೊಂಡು ಹೋದರು.

ಸಾಲೇಹಾ ಹೋಗಲಿಲ್ಲ. ಮನೆಯಲ್ಲಿ ಕೂತಳು. ಕೂರುವುದು ಎಂದರೆ ಕೂರಲಿಲ್ಲ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು, ಮಡಚಿದ ಬಟ್ಟೆಯನ್ನು ಬಿಚ್ಚಿ ಮಡಚಿದಳು. ಮಗಳ ಜೊತೆ ಮಾತು ಊಟಕ್ಕೆ ಮಾತ್ರ ಉಳಿಯಿತು. "ಇದೆ." "ಹಾಕಿದ್ದೇನೆ." ನಿಲೋಫರ್ ಎದುರು ಕೂತರೆ ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ನಿಲೋಫರ್ ಬೆಳಕು ಹರಿಯುವ ಮೊದಲೇ ಘಟಕಕ್ಕೆ ಹೊರಟುಬಿಡುತ್ತಿದ್ದಳು. ಅಲ್ಲಿ ಕೆಲಸ ಬೇಕಾದಷ್ಟಿತ್ತು. ಮೊದಲನೇ ತೊಟ್ಟಿಯನ್ನು ಖಾಲಿ ಮಾಡಿ ತೊಳೆದು, ಎರಡನೆಯದರಿಂದ ರಾಡಿ ತಂದು ಹಾಕಿ, ಸಗಣಿಯ ನೀರು, ಬೆಲ್ಲ ಎಂದು ಮತ್ತೆ ಮೊದಲಿನಿಂದ. ತಿಮ್ಮಿಯ ಹರಿವೆ ಆ ವಾರವೇ ಬಾಡಿಹೋಗಿತ್ತು. ಅವಳು ಮತ್ತೆ ಗೇಟಿಗೆ ಬರಲಿಲ್ಲ. ಒಂದು ದಿನ ನಿಲೋಫರ್ ಹಳ್ಳದ ದಡಕ್ಕೆ ಹೋಗಿ ನೋಡಿದಳು. ಹೊಸ ಪಾತಿ ಮಾಡಿ ಬೀಜ ಹಾಕಿ ಆಗಿತ್ತು, ತಿಮ್ಮಿ ಇರಲಿಲ್ಲ.

ಮೂರು ವಾರ ಕಳೆಯಿತು. ಬಣ್ಣದ ಮನೆಯಲ್ಲಿ ಸುಣ್ಣದ ತೊಟ್ಟಿ ಎದ್ದಿತು, ಜೊತೆಗೆ ನೀರಿಗೆ ಅದ್ದಿ ನೋಡುವ ಕಾಗದದ ಪಟ್ಟಿಗಳೂ ಬಂದವು: ಸುಣ್ಣದ ಖಾರ ಇನ್ನೂ ಇದ್ದರೆ ನೀಲಿ, ಅದು ಇಳಿದು ನೀರು ಬಿಡುವಂತಾದರೆ ಎಳೆ ಹಸಿರು. ಆ ತೊಟ್ಟಿಯನ್ನು ನೋಡಿಕೊಳ್ಳಲು ಯಾರು ಕಲಿಯುತ್ತೀರಿ ಎಂದು ಶಿವರಂಜನಿ ಕೇಳಿದಾಗ ಕೈ ಎತ್ತಿದವಳು ಸಾಲೇಹಾ ಎಂದು ನಿಲೋಫರಿಗೆ ಗೊತ್ತಾದದ್ದು ಕೆರಿಯಪ್ಪನಿಂದ. ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಜನವರಿಯ ಒಂದು ಮಂಗಳವಾರ ಹನ್ನೊಂದು ಗಂಟೆಗೆ ಅವಳ ಫೋನ್ ಹೊಡೆದುಕೊಂಡಿತು. ಅಮ್ಮಿ. ಕೆಲಸದ ಹೊತ್ತಿನಲ್ಲಿ ಅಮ್ಮಿ ಎಂದೂ ಫೋನ್ ಮಾಡಿದವಳಲ್ಲ. ನಿಲೋಫರ್ ಜಾಡಿಯನ್ನು ಹಾಗೇ ಬಿಟ್ಟು ಓಡಿ ಹೋಗಿ ಎತ್ತಿದಳು.

ಸಲಾಮಿಲ್ಲ, ಪೀಠಿಕೆಯಿಲ್ಲ. "ಅದ್ದೋ ಪಟ್ಟಿ ನೀಲಿ ಹೋಗಿ ಹಸಿರಾಗಿದೆ," ಅಂದಳು ಸಾಲೇಹಾ. "ಅಕ್ಕೋರು ಊರಲ್ಲಿಲ್ಲ, ಯಲ್ಲಾಪುರಕ್ಕೆ ಹೋಗಿದ್ದಾರೆ. ನೀರು ಬಿಡ್ಲಾ?"

"ಎಂಥ ಹಸಿರು ಅಮ್ಮಿ? ಗಾಢ ಹಸಿರಾ, ಎಳೇ ಹಸಿರಾ?"

ಆ ಕಡೆ ಸಾಲೇಹಾ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿರಬೇಕು. ಯಾರೋ ಕಡಾಯಿಗೆ ಸೌದೆ ಒಟ್ಟುತ್ತಿದ್ದ ಸದ್ದು.

"ಎಳೇದು. ಬಾಳೆಯ ಸುಳಿ ಇರುತ್ತಲ್ಲ, ಹಾಗೆ."

"ಮೇಲಿನ ನೀರು ತಿಳಿಯಾಗಿದೆಯಾ? ತಳ ಕದಡಿಲ್ಲ ತಾನೇ? ಇನ್ನೊಂದು ಅರ್ಧ ಗಂಟೆ ಕಾಯಿ, ನಾನೇ ಬಂದು ನೋಡ್ತೇನೆ."

"ನೀನು ಬರೋದೇನೂ ಬೇಡ," ಅಂದಳು ಸಾಲೇಹಾ. "ನೂಲಿಗೆ ಬಣ್ಣ ಹಿಡೀತೋ ಇಲ್ವೋ ಅಂತ ನೋಡೋಳು ನಾನು. ನೀರಿನ ಬಣ್ಣ ನಂಗೆ ಗೊತ್ತಾಗಲ್ವಾ? ಬಿಡ್ಲಾ ಬೇಡ್ವಾ, ಅಷ್ಟು ಹೇಳು."

ನಿಲೋಫರ್ ಕಿಟಕಿಯಿಂದ ಹೊರಗೆ ನೋಡಿದಳು. ಮೊದಲನೇ ತೊಟ್ಟಿಯ ಕಟ್ಟೆಯ ಮೇಲೆ ಕೆರಿಯಪ್ಪ ನಿಂತು ನೊರೆಯನ್ನು ನೋಡುತ್ತಿದ್ದ. ನೊರೆಗೆ ಈಗಷ್ಟೇ ಕಂದು ಬರುತ್ತಿತ್ತು. ಇನ್ನೂ ಎಳೆಯ ಕಲ್ಚರ್, ಒಂದು ತಪ್ಪಾದರೂ ತಡೆಯದು. 

"ಬಿಡು ಅಮ್ಮಿ," ಅಂದಳು. "ಮೆಲ್ಲಗೆ ಬಿಡು."

"ಮೆಲ್ಲಗೇ ಬಿಡ್ತೀನಿ," ಎಂದು ಸಾಲೇಹಾ ಫೋನ್ ಇಟ್ಟಳು.